ಹೊಸ ಚೊಂಬಿನ ಮೇಲಿನ ಹೆಸರು

ಅಳತೆಗೆ ಸಿಗದ ಯಾವುದನ್ನೂ ನಂಬದ ಮನುಷ್ಯ ನಾನು. ಪೀಣ್ಯದ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಬೇರಿಂಗುಗಳ ಮೇಲೆ ಗೀರು ಹುಡುಕುವುದೇ ನನ್ನ ಕೆಲಸ. ದೆವ್ವ, ಶಕುನ ಎಂದವರನ್ನು ಕ್ಯಾಂಟೀನಿನಲ್ಲಿ ಚೆನ್ನಾಗಿ ಗೋಳುಹೊಯ್ದುಕೊಂಡಿದ್ದೇನೆ. ಹಾಗಾಗಿ ಈಗ ನೀವು ನಕ್ಕರೆ ನನಗೇನೂ ಬೇಜಾರಿಲ್ಲ.

ಮೂರು ವರ್ಷದ ಹಿಂದಿನ ಮಾತು. ಅಮ್ಮನ ಅಣ್ಣ ತೀರಿಕೊಂಡು ತಿಂಗಳಾಗಿತ್ತು. ಅವಳ ತವರಿನ ಕಡೆ ಇನ್ನು ಯಾರೂ ಉಳಿದಿರಲಿಲ್ಲ. ಸದಾ ವಟಗುಟ್ಟುತ್ತಿದ್ದ ಅಮ್ಮ ಮಾತೇ ಬಿಟ್ಟಳು. ಎರಡು ತುತ್ತು ಕೆದಕಿ ಎದ್ದುಬಿಡುತ್ತಿದ್ದಳು. ಹೀಗೇ ಆದರೆ ಇವಳೂ ನಮ್ಮ ಕೈಬಿಟ್ಟು ಹೋಗುತ್ತಾಳೆಂದು ನನಗೆ ಹೆದರಿಕೆಯಾಗಿತ್ತು.

ಆಗ ನನಗೆ ಸಣ್ಣ ವಸ್ತುಗಳನ್ನು ದೊಡ್ಡದಾಗಿ ಫೋಟೋ ತೆಗೆಯುವ ಹುಚ್ಚು. ಹಳೇ ಕ್ಯಾಮೆರಾದ ಲೆನ್ಸ್ ಬಿಚ್ಚಿ, ಹಿಂದುಮುಂದು ಮಾಡಿ, ಕೈಯಲ್ಲೇ ಒತ್ತಿ ಹಿಡಿದು ತೆಗೆಯುತ್ತಿದ್ದೆ. ಸಕ್ಕರೆ ಹರಳು, ಸಾಸಿವೆ, ಇರುವೆಯ ಮೀಸೆ ಎಲ್ಲವನ್ನೂ ಅಮ್ಮನಿಗೆ ತೋರಿಸಿದೆ. ನೋಡದೆಯೇ "ಚೆನ್ನಾಗಿದೆ" ಅನ್ನುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ, ಮಾದನಾಯಕನಹಳ್ಳಿಯ ನಮ್ಮ ಮನೆಯಲ್ಲಿ, ಅಡುಗೆಮನೆ ಕಿಟಕಿಯಲ್ಲಿ ಸ್ಟೀಲ್ ಚೊಂಬು ಇಟ್ಟು, ಅದರ ಮೇಲಿನ ನೀರಹನಿ ತೆಗೆಯಲು ಹೊರಟೆ. ಆಯುಧಪೂಜೆಗೆ ಫ್ಯಾಕ್ಟರಿಯಲ್ಲಿ ಕೊಟ್ಟ ಚೊಂಬು; ಡಬ್ಬದಿಂದ ತೆಗೆದದ್ದೇ ಅವತ್ತು. ಕೈ ಅಲುಗಿತು. ಹನಿ ಮಸುಕಾಗಿ ಹಿಂದಿನ ಸ್ಟೀಲು ಸ್ಪಷ್ಟವಾಗಿ ಬಂದಿತ್ತು. ಅಳಿಸುವ ಮುಂಚೆ ಸುಮ್ಮನೆ ದೊಡ್ಡದು ಮಾಡಿ ನೋಡಿದೆ. ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಕೊಡುತ್ತಾರಲ್ಲ, ಹಾಗೆ ಚುಕ್ಕೆಚುಕ್ಕೆಯಾಗಿ ‘ಪದ್ಮಾವತಿ’ ಎಂದಿತ್ತು.

"ನೋಡಮ್ಮಾ, ಯಾರೋ ಪದ್ಮಾವತಿ ಅನ್ನೋರ ಚೊಂಬು ನಂಗೆ ಕೊಟ್ಬಿಟ್ಟಿದ್ದಾರೆ" ಎಂದೆ.

ಅಕ್ಕಿ ಆರಿಸುತ್ತಿದ್ದ ಅಮ್ಮನ ಕೈ ನಿಂತಿತು. "ಯಾರೋ ಅಲ್ಲ ಕಣೋ, ನಾನೇ" ಎಂದಳು.

ಅಮ್ಮನ ಹೆಸರು ಸುಶೀಲ ಎಂದೇ ನಾನು ತಿಳಿದಿದ್ದೆ. ಹೆಸರುಬಲ ಕೂಡಿಬರಲಿಲ್ಲವೆಂದು ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಬರೆಸಿ ಇಟ್ಟ ಹೆಸರಂತೆ ಅದು. ತವರಿನಿಂದ ತಂದ ಚೊಂಬಿನ ಮೇಲೆ ಮಾತ್ರ ಹಳೆಯದು ಉಳಿದಿತ್ತು. ಅದನ್ನೂ ಯಾವತ್ತೋ ಹಳೇ ಪಾತ್ರೆಯವನಿಗೆ ಹಾಕಿಬಿಟ್ಟರು. ಆ ಹೆಸರಿನಿಂದ ಕರೆಯುವವನು ಕೊನೆಗೆ ಅವಳ ಅಣ್ಣನೊಬ್ಬನೇ, ಅದೂ ಹತ್ತಿರ ಬೇರೆ ಯಾರೂ ಇಲ್ಲದಾಗ.

ಕನ್ನಡಕ ಏರಿಸಿಕೊಂಡು ಫೋಟೋ ನೋಡಿದಳು. "ಕೊನೇ ಅಕ್ಷರ ಸೊಟ್ಟಗಿದೆ ನೋಡು. ಅವತ್ತೂ ಹಿಂಗೇ ಬರ್ದಿದ್ದ. ನಮ್ಮಮ್ಮ ಅಂಗಡಿಯವನ ಹತ್ರ ಜಗಳಕ್ಕೇ ನಿಂತಿದ್ಲು!" ಎಂದು ನಕ್ಕಳು. ಮಧ್ಯಾಹ್ನದವರೆಗೂ ತವರಿನ ಮಾತು. ಊಟಕ್ಕೆ ಕೂತಾಗ ಇನ್ನಷ್ಟು ಸಾರು ಬಡಿಸು ಎಂದು ನನ್ನ ಹೆಂಡತಿಗೆ ತಾನಾಗಿ ಹೇಳಿದಳು. ಅವತ್ತಿನಷ್ಟು ಖುಷಿ ನನಗೆ ಪ್ರಮೋಶನ್ ಸಿಕ್ಕಾಗಲೂ ಆಗಿರಲಿಲ್ಲ.

ಆದರೆ ಚೊಂಬಿನ ಮೇಲೆ ಕೈಯಾಡಿಸಿದರೆ ಏನೂ ಇಲ್ಲ. ಮತ್ತೆ ನಲವತ್ತು ಫೋಟೋ ತೆಗೆದೆ, ಒಂದರಲ್ಲೂ ಬರಲಿಲ್ಲ. ಸೋಮವಾರ ಫ್ಯಾಕ್ಟರಿಗೆ ಒಯ್ದು ಭೂತಗನ್ನಡಿಯಲ್ಲಿ ಸುತ್ತಲೂ ನೋಡಿದೆ, ಒಂದು ಚುಕ್ಕೆಯೂ ಇಲ್ಲ. ಚಿಕ್ಕಂದಿನಲ್ಲಿ ಆ ಹೆಸರು ನನ್ನ ಕಿವಿಗೆ ಬಿದ್ದಿರಬಹುದು, ಒಪ್ಪುತ್ತೇನೆ. ಆದರೆ ಕ್ಯಾಮೆರಾದ ಕಿವಿಗೆ ಬಿದ್ದಿರಲಿಲ್ಲವಲ್ಲ. ಆ ಒಂದು ಫೋಟೋ ಇವತ್ತಿಗೂ ನನ್ನ ಹತ್ತಿರ ಇದೆ, ಸೊಟ್ಟ ಅಕ್ಷರದ ಸಮೇತ.

ಕೊನೆಗೆ, ಪಾತ್ರೆ ಅಂಗಡಿಗೆ ಹೋಗಿ ಆ ಚೊಂಬಿನ ಮೇಲೆ ನಿಜವಾಗಿಯೇ ಹೆಸರು ಹಾಕಿಸಿಕೊಂಡು ಬರುತ್ತೇನೆ ಎಂದೆ.

ಅಮ್ಮ ಅದರಲ್ಲೇ ನೀರು ಕುಡಿಯುತ್ತಿದ್ದಳು. "ಇನ್ನೊಂದ್ಸಲ ಯಾಕೋ ಹಾಕ್ಸೋದು? ಇದ್ಯಲ್ಲ" ಎಂದಳು.