ಯಾವ ಕೊಂಡಿ?

ದೆವ್ವ, ಅಶರೀರವಾಣಿ ಎಂದು ಯಾರಾದರೂ ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದವನು. ಕರೆಂಟಿನ ಕೆಲಸದವನಿಗೆ ಕಣ್ಣಿಗೆ ಕಾಣದ್ದು ಒಂದೇ, ಅದು ತಂತಿಯಲ್ಲಿರುತ್ತದೆ ಎಂದು ಜಂಬ ಕೊಚ್ಚುತ್ತಿದ್ದೆ. ಈಗ ಆ ಮಾತು ಆಡುವುದಿಲ್ಲ. ಯಾಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹುನಗುಂದದ ಕಡೆ ಲೈನ್‌ಮನ್ ಆಗಿದ್ದೆ. ನನ್ನ ಜೋಡಿಗೆ ಬೀರಪ್ಪ, ನನಗಿಂತ ಹತ್ತು ವರ್ಷ ದೊಡ್ಡವನು. ನಮ್ಮಲ್ಲೊಂದು ಪದ್ಧತಿಯಿತ್ತು. ಕಂಬ ಏರಿದವನು ಸೊಂಟದ ಬೆಲ್ಟಿನ ಹಗ್ಗವನ್ನು ಕಂಬಕ್ಕೆ ಸುತ್ತಿ, ತುದಿಯ ಕೊಂಡಿಯನ್ನು ಬೆಲ್ಟಿನ ಬಳೆಗೆ ಸಿಕ್ಕಿಸಬೇಕು. ಕೆಳಗಿನವನು "ಕೊಂಡಿ?" ಎಂದು ಕೂಗಬೇಕು. ಮೇಲಿನವನು ಮುಟ್ಟಿ ನೋಡಿ "ಬಿಗಿ ಐತಿ" ಎನ್ನಬೇಕು. ಆಮೇಲೆಯೇ ಕಂಬದಿಂದ ಕೈ ಬಿಡುವುದು.

ಒಮ್ಮೆ ಇಳಕಲ್ಲಿನ ಚಹಾದಂಗಡಿಯಲ್ಲಿ ನನ್ನ ಮಾವನ ಎದುರೇ ಬೀರಪ್ಪ, "ನಿಮ್ಮ ಅಳಿಯ ಕಟ್ಟಿದ ಗಂಟಿಗೆ ಎಮ್ಮಿ ಸೈತ ನಿಲ್ಲಂಗಿಲ್ರಿ" ಎಂದು ನಗಾಡಿದ. ಮಾವನೂ ನಕ್ಕರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಮರುದಿನ ಅವನು ಕಂಬ ಏರಿದಾಗ ಮುಖ ತಿರುಗಿಸಿ ನಿಂತೆ. "ಕೊಂಡಿ?" ಎಂದು ಕೇಳಲಿಲ್ಲ. ಅವನು ಬಿದ್ದ. ಜೀವ ಉಳಿಯಿತು, ಆದರೆ ಕಾಲುಗಳ ಶಕ್ತಿ ಹೋಯಿತು, ಮಾತೂ ಹೋಯಿತು. ಕೊಂಡಿ ಸರಿಯಾಗಿ ಕೂತಿರಲಿಲ್ಲ ಎಂದು ಎಲ್ಲರೂ ಅಂದರು. ನಾನು ಕೇಳಿರಲಿಲ್ಲ ಎಂಬುದನ್ನು ಯಾರಿಗೂ ಹೇಳಲಿಲ್ಲ. ನಾಚಿಕೆಗೆ ಅವನನ್ನು ನೋಡಲೂ ಹೋಗಲಿಲ್ಲ.

ಎರಡು ವರ್ಷದ ಮೇಲೆ ಬಾದಾಮಿಗೆ ವರ್ಗವಾಯಿತು. ಒಂದು ಮಧ್ಯಾಹ್ನ ಊರ ಹೊರಗೆ ಕಂಬ ಏರಿದ್ದೆ. ಜೊತೆಗಾರ ಲೈನ್ ಬಂದ್ ಮಾಡಿ, ಸ್ವಿಚ್ ಕಾಯುತ್ತ ದೂರದಲ್ಲಿ ಕೂತಿದ್ದ. ಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಹಗ್ಗ ಸುತ್ತಿ, ಕೊಂಡಿ ಸಿಕ್ಕಿಸಿ, ಇನ್ನೇನು ಹಿಂದಕ್ಕೆ ವಾಲಬೇಕು, ಕೆಳಗಿನಿಂದ "ತಮ್ಮಾ, ಕೊಂಡಿ?" ಎಂದು ಕೇಳಿಸಿತು. ಬೀರಪ್ಪನದೇ ದನಿ. ರೂಢಿಯಂತೆ ಕೈ ಸೊಂಟಕ್ಕೆ ಹೋಯಿತು. ಕೊಂಡಿ ಸಿಕ್ಕಿದ್ದು ಬೆಲ್ಟಿನ ಬಳೆಗಲ್ಲ, ಸಾಮಾನಿನ ಚೀಲದ ಹಿಡಿಕೆಗೆ. ಕಂಬವನ್ನು ಅಪ್ಪಿಕೊಂಡು, ಕೊಂಡಿಯನ್ನು ಬಳೆಗೆ ಸಿಕ್ಕಿಸಿ, ಕೆಳಗೆ ನೋಡಿದೆ. ಸುತ್ತ ಜೋಳದ ಹೊಲ ಬಿಟ್ಟರೆ ಏನೂ ಇರಲಿಲ್ಲ.

ಅವತ್ತೇ ಸಂಜೆ ಬಾದಾಮಿಯ ಹತ್ತಿರದ ಚೊಳಚಗುಡ್ಡದಲ್ಲಿದ್ದ ಬೀರಪ್ಪನ ಮನೆಗೆ ಹೋದೆ. ಬಾಗಿಲಲ್ಲೇ ಅವನ ಹೆಂಡತಿ, ನಾನು ವೈನಿ ಎಂದು ಕರೆಯುತ್ತಿದ್ದವರು, ಹೇಳಿದರು: "ಎರಡು ವರ್ಷ ತುಟಿ ಬಿಚ್ಚಿರಲಿಲ್ರಿ. ಇವತ್ತ ಮಧ್ಯಾಹ್ನ 'ಕೊಂಡಿ' ಅಂದ್ರು. ಯಾವ ಬಾಗಲದ ಕೊಂಡಿ ಅಂತ ನಾ ಮನಿಯೆಲ್ಲ ಹುಡುಕೇನಿ."

ನಾನು ಒಳಗೆ ಹೋದೆ. ಹಾಸಿಗೆಯ ಬಳಿ ಕೂತು, "ಅಣ್ಣಾ, ಅವತ್ತ ನಾ ಕೇಳಲಿಲ್ಲ" ಎಂದೆ. ವೈನಿ ಹಿಂದೆಯೇ ನಿಂತಿದ್ದರು, ಅವರಿಗೂ ಕೇಳಿತು. ಬೀರಪ್ಪ ಮನೆಯ ಮಾಡನ್ನೇ ನೋಡುತ್ತ ಮಲಗಿದ್ದ. ಕೊನೆಗೆ ಏಳುವಾಗ, ಹೇಗೆ ತೋಚಿತೋ, "ಬಿಗಿ ಐತಣ್ಣಾ" ಎಂದೆ. ಆಗ ಅವನು ಕಣ್ಣು ಮುಚ್ಚಿ ನಿದ್ದೆ ಹೋದ.

ಆಮೇಲೆ ಅವನು ಮಾತಾಡಲೇ ಇಲ್ಲ. ಆ ದನಿ ಹೊಲದ ತನಕ ಹೇಗೆ ಬಂತೋ ನನಗೆ ಇಂದಿಗೂ ತಿಳಿದಿಲ್ಲ. ಅವನನ್ನು ಕೇಳದೆ ಬಿಟ್ಟವನು ನಾನು. ಅವನು ಯಾಕೆ ನನ್ನನ್ನು ಕೇಳಿದ ಎಂಬುದು ಅದಕ್ಕಿಂತಲೂ ತಿಳಿಯದು.