ಎರಡು ಲೋಹಗಳು ಕೂಡುವ ಗೆರೆ

ಈಗಷ್ಟೇ ಬೆಳಕು ಹರಿಯುತ್ತಿದೆ. ರಸ್ತೆಯಲ್ಲಿ ಲಾರಿಗಳ ಓಡಾಟ ಶುರುವಾದರೆ ಮೇಜು ಅದುರುತ್ತದೆಂದು ಲೋಹದ ಚೂರು ಉಜ್ಜುವ, ಎಲ್ಲರ ಬಾಯಲ್ಲೂ 'ಪಾಲಿಶ್ ಅಕ್ಕ' ಆಗಿರುವ ಹಿರಿಯ ಸಹಾಯಕಿ ಎಲ್ಲರಿಗಿಂತ ಮುಂಚೆ ಪ್ರಯೋಗಾಲಯಕ್ಕೆ ಬಂದಿದ್ದಾರೆ. ಉಗುರಿನ ಚೂರಿನಷ್ಟು ಲೋಹವನ್ನು ಬೆರಳ ತುದಿಯಲ್ಲಿ ಒತ್ತಿ, ಒದ್ದೆ ಉಜ್ಜುಕಾಗದದ ಮೇಲೆ ಉಸಿರು ಬಿಗಿಹಿಡಿದು ತಿಕ್ಕುತ್ತಾರೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದರೊಳಗೆ ಇಣುಕಬೇಕಾದರೆ ಅದು ಕೂದಲಿಗಿಂತಲೂ ತೆಳ್ಳಗಾಗಬೇಕು.

ಈ ಚೂರಿನಲ್ಲಿ ಎರಡು ಲೋಹಗಳು ಬೆಸೆದುಕೊಂಡಿವೆ. ಒಂದು ಸಾಮಾನ್ಯ ಸ್ಫಟಿಕ. ಅದರ ಪರಮಾಣುಗಳು ನೆಲಕ್ಕೆ ಹಾಸಿದ ಚೌಕದ ಬಿಲ್ಲೆಗಳಂತೆ, ಒಂದೇ ವಿನ್ಯಾಸ ಮತ್ತೆ ಮತ್ತೆ. ಇನ್ನೊಂದು ಕ್ವಾಸಿಕ್ರಿಸ್ಟಲ್. ಅಲ್ಲೂ ಶಿಸ್ತಿದೆ, ಆದರೆ ವಿನ್ಯಾಸ ಮರುಕಳಿಸುವುದೇ ಇಲ್ಲ. ಇಂಥ ಎರಡು ಸೇರುವ ಗೆರೆಯಲ್ಲಿ ಇರುವುದು ಗೊಂದಲವೋ, ಹೊಂದಾಣಿಕೆಯೋ? ಇಲ್ಲಿನ ಸಂಶೋಧಕಿಯೊಬ್ಬರು ವರ್ಷಗಳಿಂದ ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ.

ಅಕ್ಕನಿಗೆ ಕೆಲಸ ಕಲಿಸಿದ್ದು ಗಂಡ. ಅವರು ಇಲ್ಲೇ ಚೂರುಗಳನ್ನು ಉಜ್ಜುತ್ತಿದ್ದರು, ಸೂಕ್ಷ್ಮದರ್ಶಕ ತೆಗೆದ ಫೋಟೋಗಳನ್ನು ಕತ್ತಲಕೋಣೆಯಲ್ಲಿ ತೊಳೆಯುತ್ತಲೂ ಇದ್ದರು. "ಆಗ ಚಿತ್ರ ಪರದೆ ಮೇಲೆ ಬರ್ತಿರ್ಲಿಲ್ಲ. ಫೋಟೋ ತೊಳೆಯೋ ತಟ್ಟೇಲಿ ನಿಧಾನಕ್ಕೆ ಮೂಡೋದು. 'ಬಾಗಿಲು ತೆಗೀಬೇಡ' ಅಂತ ಬೈಯೋರೂ ಅವ್ರೇ, 'ಬೇಗ ಬಾರೇ, ನೋಡು' ಅಂತ ಕೂಗೋರೂ ಅವ್ರೇ!" ಎಂದು ಅಕ್ಕ ನಗುತ್ತಾರೆ. ಆಮೇಲೆ ಕಂಪ್ಯೂಟರ್ ಬಂತು. ಕೋಣೆಗೆ ಮುರಿದ ಕುರ್ಚಿಗಳು ಸೇರಿದವು. ಗಂಡ ತೀರಿಕೊಂಡು ವರ್ಷಗಳಾದವು. ಆ ಬಾಗಿಲ ಮುಂದೆ ಹಾಯುವಾಗ ಅಕ್ಕನ ನಡಿಗೆ ಇಂದಿಗೂ ನಿಧಾನವಾಗುತ್ತದೆ.

ಹೋದ ಚಳಿಗಾಲದಲ್ಲಿ ಉಜ್ಜುವಾಗ ಚೂರುಗಳೆಲ್ಲ ಒಂದರ ಹಿಂದೊಂದು ಕೂಡುಗೆರೆಯಲ್ಲೇ ಸೀಳಿಹೋದವು. ಉಳಿದದ್ದು ಒಂದೇ. "ಇದೂ ಹೋದ್ರೆ ಕೈಬಿಡ್ತೀನಿ ಅಕ್ಕಾ, ಇನ್ನು ನನ್ನ ಕೈಲಾಗಲ್ಲ" ಎಂದು ಸಂಶೋಧಕಿ ಕುಸಿದು ಕೂತರು.

"ಆ ಹುಡುಗಿ ಮುಖ ನೋಡೋಕಾಗ್ಲಿಲ್ಲ. 'ನೀನು ಮನೆಗೆ ಹೋಗಿ ಮಲ್ಕೋಮ್ಮಾ' ಅಂದೆ. ಉಜ್ಜೋ ಯಂತ್ರದ ತಿರುಗೋ ಚಕ್ರ ಬಿಟ್ಟು, ನಮ್ಮೆಜಮಾನ್ರು ಕಲಿಸಿದ್ಹಾಗೆ ಕೈಯಲ್ಲೇ ಉಜ್ಜಿದೆ."

ಈ ಚೂರು ಸೀಳಲಿಲ್ಲ. ಸೂಕ್ಷ್ಮದರ್ಶಕದ ಪರದೆಯ ಒಂದು ಬದಿಯಲ್ಲಿ ಚೌಕದ ಸಾಲುಗಳು, ಇನ್ನೊಂದು ಬದಿಯಲ್ಲಿ ಐದೆಸಳಿನ ಹೂಗಳಂಥ ಗುಂಪುಗಳು. ಇಬ್ಬದಿಯ ಸಾಲುಗಳೂ ಒಂದೇ ದಿಕ್ಕು ಹಿಡಿದು, ನಡುವೆ ಬಿರುಕಿಲ್ಲದೆ ಸೇರಿದ್ದವು. ಸಂಶೋಧಕಿ ಅಕ್ಕನ ಕೈ ಹಿಡಿದುಕೊಂಡರು. "ಅವ್ರು ಇರ್ಬೇಕಿತ್ತು ಅನ್ನಿಸ್ತು, ಅಷ್ಟೇ" ಎನ್ನುತ್ತಾರೆ ಅಕ್ಕ, ಕಣ್ಣು ಬೇರೆಡೆ ಹೊರಳಿಸಿ.

ಆ ಚಿತ್ರದಲ್ಲಿ ನಿಮ್ಮ ಕೆಲಸ ಎಲ್ಲಿ ಕಾಣುತ್ತದೆ ಎಂದು ಕೇಳಿದರೆ, ಉಜ್ಜುಕಾಗದಕ್ಕೆ ನೀರು ಹನಿಸುತ್ತಲೇ ಉತ್ತರ ಕೊಡುತ್ತಾರೆ:

"ಕಾಣಲ್ಲ. ಒಂದು ಗೀರು ಕಂಡ್ರೂ ನಾನು ಸರಿಯಾಗಿ ಮಾಡಿಲ್ಲ ಅಂತಾನೇ ಲೆಕ್ಕ."