ಮೀನಖಂಡಕ್ಕೆ ಬಂದ ಕೆಲಸ

ನನ್ನ ಗಂಡ ತೀರಿಕೊಂಡ ಎರಡನೆಯ ತಿಂಗಳಿಗೆ ನಾದಿನಿ ನನ್ನನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋದಳು. ನಾನು ಮನೆಯಲ್ಲಿ ಗೋಡೆ ನೋಡುತ್ತ ಕೂರಬಾರದೆಂದು ಅವಳ ಆಸೆ. ಅವಳ ಗದ್ದೆಗಿಳಿದು ನಾಟಿ ಮಾಡುವವರ ಸಾಲಿಗೆ ಸೇರಿದೆ. ಯಾರೋ ಕೂಗಿದರೆಂದು ಗಕ್ಕನೆ ತಿರುಗಿದೆ. ಪಾದ ಮಾತ್ರ ಕೆಸರಲ್ಲೇ ಉಳಿಯಿತು. ಮೊಣಕಾಲು ಟಪ್ ಎಂದಿತು.

ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಅರ್ಧ ಹರಿದಿದೆ, ಆಪರೇಷನ್ ಸದ್ಯಕ್ಕೆ ಬೇಡ, ಕಸರತ್ತು ಮಾಡಿ ನೋಡೋಣ ಎಂದರು ಬಳ್ಳಾರಿಯ ಡಾಕ್ಟರು. ನಾನು ಜೀನ್ಸ್ ಹೊಲಿಯುವವಳು. ಕಸರತ್ತಿನ ಚೀಟಿಯನ್ನು ಡಬ್ಬಿಗೆ ಹಾಕಿ, ಉಳಿದ ದಪ್ಪ ಬಟ್ಟೆಯಲ್ಲಿ ಮೊಣಕಾಲಿಗೊಂದು ಪಟ್ಟಿ ಹೊಲಿದುಕೊಂಡೆ. ಜೋಡಿ ಹೊಲಿಗೆ, ಮೂರು ಹಿತ್ತಾಳೆ ಗುಂಡಿ. ಅದನ್ನು ಬಿಗಿಯಾಗಿ ಕಟ್ಟಿ, ಕಾಲನ್ನು ಸ್ಟೂಲಿನ ಮೇಲಿಟ್ಟು ಎರಡು ತಿಂಗಳು ಕಳೆದೆ. ಎದ್ದು ನಿಂತರೆ ಮೊಣಕಾಲು ಮೊದಲಿಗಿಂತ ಹೆಚ್ಚು ಜಾರುತ್ತಿತ್ತು.

ಮತ್ತೆ ಆಸ್ಪತ್ರೆಗೆ ಹೋದಾಗ, ಕಸರತ್ತು ಹೇಳಿಕೊಡುವ ಫಿಸಿಯೋಥೆರಪಿಯ ಹುಡುಗಿ ಪಟ್ಟಿ ನೋಡಿ ನಕ್ಕಳು. “ಒಂದು ಕಿಸೆನೂ ಇಡಬೇಕಿತ್ತಲ್ಲಮ್ಮಾ!”

ಆಮೇಲೆ ಸೊರಗಿ ಜೋತುಬಿದ್ದ ನನ್ನ ಮೀನಖಂಡವನ್ನು ಹಿಡಿದು ತೋರಿಸಿದಳು. “ಇದನ್ನ ಮಲಗಿಸಿಬಿಟ್ಟೀರಿ ನೋಡ್ರಿ. ಕಾಲು ಊರಿದಾಗ ಕೆಳಗಿನ ಮೂಳೆ ಮುಂದಕ್ಕ ಜಾರಾಕ ನೋಡತೈತಿ. ಈ ಮೀನಖಂಡದ ಒಳಗಿನ ಖಂಡ ಅದನ್ನ ಹಿಂದಕ್ಕ ಹಿಡೀತೈತಿ. ಅದು ಹಿಡೀಲಿಲ್ಲಂದ್ರ ಭಾರ ಎಲ್ಲಾ ಆ ಹರಿದ ಲಿಗಮೆಂಟಿನ ಮ್ಯಾಲೆ.”

ಗೋಡೆ ಹಿಡಿದು ಹಿಮ್ಮಡಿ ಎತ್ತಬೇಕು, ನಿಧಾನಕ್ಕೆ ಇಳಿಸಬೇಕು. ಮೊದಲು ಕಾಲು ನೆಟ್ಟಗೆ, ಆಮೇಲೆ ಮೊಣಕಾಲು ತುಸು ಬಗ್ಗಿಸಿ. ಬಗ್ಗಿಸಿದಾಗಲೇ ಒಳಗಿನ ಖಂಡಕ್ಕೆ ಹೆಚ್ಚು ಕೆಲಸವಂತೆ.

ನನಗಿದ್ದದ್ದು ಒಂದೇ ಚಿಂತೆ. ಕುರುಗೋಡಿನ ನಮ್ಮ ಹೊಲದ ಕೊನೆಗೆ, ಇಳಿಜಾರು ಬಂಡೆ ದಾಟಿದರೆ ನನ್ನ ಗಂಡನ ಸಮಾಧಿ. ತೀರಿಕೊಂಡು ವರ್ಷ ತುಂಬಿದ ದಿನದ ಎಡೆಯನ್ನು ಹೆಂಡತಿಯೇ ಹಿಡಿದು ನಡೆಯುವುದು ನಮ್ಮ ಮನೆಯ ಪದ್ಧತಿ. ಮೈದುನ ಆಗಲೇ ಹೇಳಿದ್ದ: “ಕುರ್ಚಿ ಮ್ಯಾಲೆ ಕುಂದ್ರಿಸಿ ಹೊತ್ಕೊಂಡು ಹೋಗ್ತೀವಿ ಬಿಡ್ರಿ ಅತ್ತಿಗಿ.” ಮದುವೆಯಲ್ಲೇ ಯಾರೂ ನನ್ನನ್ನು ಹೊತ್ತಿರಲಿಲ್ಲ. ಈಗ್ಯಾಕೆ?

ಕೆಲಸಕ್ಕೆ ಮರಳಿದೆ. ಚಹಾ ಬಂದಾಗಲೆಲ್ಲ ಮೆಷಿನ್ ಹಿಡಿದು ಹಿಮ್ಮಡಿ ಎತ್ತಿದೆ.

“ಏನಲೇ, ಅಟ್ಟದ ಮ್ಯಾಲಿನ ಉಪ್ಪಿನಕಾಯಿ ಕದಿಯಾಕ ನಿಂತೀಯೇನು?” ಎಂದು ಪಕ್ಕದ ಮೆಷಿನ್ನಿನ ಗೆಳತಿ ಛೇಡಿಸಿದಳು. ವಾರದೊಳಗೆ ಅವಳೂ ಎತ್ತುತ್ತಿದ್ದಳು, ಸೊಂಟನೋವಿಗೆ ಒಳ್ಳೆಯದೆಂದು ತಾನೇ ತೀರ್ಮಾನಿಸಿ. ತಿಂಗಳುಗಳು ಕಳೆದಂತೆ ಕಾಲಿಗೆ ಗಟ್ಟಿತನ ಬಂತು.

ವರ್ಷದ ದಿನ ಅವರಿಗಿಷ್ಟವಾದ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ತಟ್ಟೆ ಹಿಡಿದು ಬಂಡೆ ಇಳಿಯತೊಡಗಿದೆ. ನಾದಿನಿ ನನ್ನ ಮುಂದೆ, ನನಗೇ ಮುಖಮಾಡಿ, ಹಿಂದುಹಿಂದಕ್ಕೆ ಇಳಿಯುತ್ತಿದ್ದಳು.

“ಅತ್ತಿಗಿ, ನೀವು ಬಿದ್ರ ನಾ ಹಿಡಿತೀನಿ. ಮಿರ್ಚಿ ಬಿದ್ರ ಅಣ್ಣ ಬಿಡಂಗಿಲ್ಲ.”

“ನೀ ಮೊದಲು ಹಿಂದಕ್ಕ ನೋಡ್ಕೊಂಡು ನಡಿಯೇ” ಎಂದೆ.

ಪಾದ ಊರುವುದು, ಮೊಣಕಾಲು ಬಗ್ಗಿಸುವುದು, ಹಿಂದೆ ಖಂಡ ಬಿಗಿಯಾಗುವವರೆಗೆ ಕಾಯುವುದು, ಆಮೇಲೆ ಇನ್ನೊಂದು ಕಾಲು. ಮೊಣಕಾಲು ಜಾರಲಿಲ್ಲ. ದಾರಿಯುದ್ದಕ್ಕೂ ನನಗೆ ಅಳುವೂ ಬರಲಿಲ್ಲ. ಗಮನವೆಲ್ಲ ಕಾಲಿನ ಮೇಲಿತ್ತು. ಸಮತಟ್ಟು ನೆಲ ಸಿಕ್ಕು, ತಟ್ಟೆಯನ್ನು ಅವರ ಮುಂದಿಟ್ಟ ಮೇಲೆ ಅಳು ಬಂತು.